ನನ್ನ ಬೆನ್ನ ಹಿಂದಿನ ಭಾಷೆ

ನಮ್ಮ ಮನೆಯ ಭಾಷೆಯನ್ನು ಉಳಿಸಲು ಹಾಸನದಿಂದ ಒಂದು ಸಮಿತಿ ಹೊರಟು ಬಂದಾಗ ನನ್ನ ಪಾಲಿನ ಕೆಲಸ ಮೊದಲೇ ನಿಗದಿಯಾಗಿತ್ತು. ಕಾಫಿ ಮತ್ತು ಕೋಡುಬಳೆ. ಭಾಷೆ ಉಳಿಸುವವರಿಗೆ ಹಸಿವು ಸ್ವಲ್ಪ ಜಾಸ್ತಿ ಎನ್ನುವುದು ಆಮೇಲೆ ತಿಳಿಯಿತು.

'ನಮ್ಮ ಮನೆ' ಎಂದು ಬರೆದೆ. ಸಮಿತಿಯವರು ಇದನ್ನು ಓದಿದರೆ ಆ ಪದದ ಕೆಳಗೆ ಕೆಂಪು ಗೆರೆ ಎಳೆದಾರು. ಮನೆ ನನ್ನ ಗಂಡನ ಕಡೆಯದು, ಹೊಳೆನರಸೀಪುರದ ಹಳೇ ಬೀದಿಯಲ್ಲಿದೆ. ಭಾಷೆ ಸಂಕೇತಿ, ಅದೂ ಅವರದೇ. ನಾನು ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರಿನ ಒಕ್ಕಲು ಮನೆಯವಳು, ವೃತ್ತಿಯಲ್ಲಿ ದನದ ಡಾಕ್ಟರು. ಹಾಸನದಲ್ಲಿ ಓದುವಾಗ ಗಣಿತ ಪಾಠ ಮಾಡುವ ಒಬ್ಬರ ಪರಿಚಯ ಮಾಡಿಕೊಂಡು, ಎರಡೂ ಮನೆಯವರ ನಿದ್ದೆ ಕೆಡಿಸಿ, ಮದುವೆಯಾಗಿ ಇಲ್ಲಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಇಷ್ಟು ವರ್ಷದಲ್ಲಿ ರೇಷನ್ ಕಾರ್ಡಿನಲ್ಲಿ ನನ್ನ ಹೆಸರು ಸೇರಿದೆ. ಭಾಷೆಯ ಲೆಕ್ಕದಲ್ಲಿ ಇನ್ನೂ ಸೇರಿಲ್ಲ.

ಸಂಕೇತಿ ಎಂದರೇನೆಂದು ತಿಳಿಯದವರಿಗೆ ಎರಡು ಮಾತು. ಹಾಸನದ ಪಕ್ಕದ ಕೌಶಿಕದಿಂದ ಹಿಡಿದು ಅರಕಲಗೂಡಿನ ಕಡೆಯವರೆಗೆ ಕೆಲವು ಬ್ರಾಹ್ಮಣ ಮನೆಗಳಲ್ಲಿ ಆಡುವ ಭಾಷೆ ಅದು. ಅರ್ಧ ತಮಿಳಿನಂತೆ ಕೇಳಿಸುತ್ತದೆ, ನಡುನಡುವೆ ಮಲಯಾಳ ಇಣುಕುತ್ತದೆ, ಉಳಿದ ಜಾಗವನ್ನು ಕನ್ನಡ ತುಂಬುತ್ತದೆ. ಅದಕ್ಕೆ ಲಿಪಿ ಇಲ್ಲ. ಯಾವುದೋ ಕಾಲದಲ್ಲಿ ತಮಿಳು ಸೀಮೆಯ ಒಂದು ಊರಿನಲ್ಲಿ ಬಹಳ ಓದಿಕೊಂಡಿದ್ದ ಒಬ್ಬ ಹೆಂಗಸಿಗೆ ಅವಮಾನವಾಯಿತಂತೆ, ಅವಳು ಸಿಟ್ಟಿನಿಂದ ಊರು ಬಿಟ್ಟಳಂತೆ, ಅವಳ ಪರವಾಗಿ ಇವರ ಹಿರಿಯರೂ ಗಂಟುಮೂಟೆ ಕಟ್ಟಿಕೊಂಡು ಇತ್ತ ಬಂದರಂತೆ. ಮನೆಗೆ ಬಂದವರಿಗೆಲ್ಲ ಈ ಕತೆ ಹೇಳುತ್ತಾರೆ. ಒಬ್ಬ ಹೆಂಗಸಿಗೆ ಅವಮಾನವಾದರೆ ಊರನ್ನೇ ಬಿಟ್ಟುಬಿಡುವ ವಂಶ! ಅಂಥ ವಂಶಕ್ಕೆ ಸೊಸೆಯಾಗಿ ಬಂದ ವಾರದೊಳಗೇ ನನ್ನ ಸಾರಿನ ಬಗ್ಗೆ ಮಾತು ಶುರುವಾಯಿತು.

ಆ ಮಾತು ನಡೆದದ್ದು ಸಂಕೇತಿಯಲ್ಲಿ, ನನ್ನ ಕಣ್ಣೆದುರಿನಲ್ಲೇ. ಅತ್ತೆ ಮಾವ ಎಲೆಯ ಮುಂದೆ ಕೂತಿದ್ದರು, ನಾನು ಬಡಿಸುತ್ತಿದ್ದೆ. ಅತ್ತೆ ಮಾವನ ಕಡೆ ತಿರುಗಿ ನಗುನಗುತ್ತಾ ಏನೋ ಹೇಳಿದರು. ಮಾವನೂ ನಕ್ಕರು. ನಾನೂ ನಕ್ಕೆ, ಹೊಸ ಸೊಸೆ ನಗದಿದ್ದರೆ ಹೇಗೆ. ನನ್ನ ಮುಂದೆಯೇ ನಿಂತು ನನ್ನ ಬೆನ್ನ ಹಿಂದೆ ಮಾತಾಡುವ ಇಂಥ ಅನುಕೂಲ ಬೇರೆ ಯಾವ ಅತ್ತೆಗಿದೆ ಹೇಳಿ.

ಮುಂದೆ ಬರುವ ಸಂಕೇತಿ ಮಾತನ್ನೆಲ್ಲ ಕನ್ನಡದಲ್ಲೇ ಬರೆಯುತ್ತೇನೆ. ಸಂಕೇತಿಯಲ್ಲೇ ಬರೆದರೆ, ಕೌಶಿಕದವರು ಹೀಗೆ ಹೇಳುವುದಿಲ್ಲ, ಬೆಟ್ಟದಪುರದವರು ಹಾಗೆ ಹೇಳುವುದಿಲ್ಲ ಎಂದು ವಾಟ್ಸಾಪಿನಲ್ಲಿ ಜಗಳ ಹತ್ತಿಕೊಳ್ಳುತ್ತದೆ. ಭಾಷೆ ಉಳಿಯುವುದೋ ಇಲ್ಲವೋ, ನಾನಂತೂ ಉಳಿಯುವುದಿಲ್ಲ.

ನನಗೆ ಆ ಭಾಷೆಯನ್ನು ಯಾರೂ ಕಲಿಸಲಿಲ್ಲ. ಕಲಿಸುವ ಉದ್ದೇಶವಿದ್ದಿದ್ದರೆ ನನ್ನೆದುರು ಆಡುತ್ತಲೇ ಇರಲಿಲ್ಲ. ಆದರೆ ನನ್ನ ಕೆಲಸವೇ ಮಾತು ಬಾರದವರ ಮಾತು ತಿಳಿಯುವುದು. ದಂಡಿಗನಹಳ್ಳಿಯ ಆಸ್ಪತ್ರೆಗೆ ಬೆಳಗ್ಗೆ ಯಾರೋ ಹಗ್ಗ ಹಿಡಿದು ಬಂದು, "ಡಾಕ್ಟ್ರಮ್ಮಾ, ನಿನ್ನೆಯಿಂದ ಅಸ ಮೇವ್ ಮುಟ್ತಿಲ್ಲ, ಅಂಗೇ ಮಂಕಾಗ್ ನಿಂತ್ಕಂಡದೆ ಕಣ್ರವ್ವಾ" ಎನ್ನುತ್ತಾರೆ. ಅಲ್ಲಿಂದ ಮುಂದೆ ನನಗೂ ಹಸುವಿಗೂ ಬಿಟ್ಟದ್ದು. ಕಿವಿ, ಕಣ್ಣು, ಬಾಲ, ಸಗಣಿ ನೋಡಿ ವಿಷಯ ತಿಳಿದುಕೊಳ್ಳಬೇಕು. ಅಷ್ಟು ಮಾಡುವವಳಿಗೆ ಅತ್ತೆಯ ಮಾತು ಯಾವ ಮಹಾ! ಅವರು ಮುಖದಲ್ಲೇ ಅರ್ಧ ಹೇಳುತ್ತಿದ್ದರು. ಉಪ್ಪು ಯಾವುದು, ಹುಳಿ ಯಾವುದು, ಜುಗ್ಗತನ ಯಾವುದು, 'ಇವಳು' ಯಾವುದು ಎಂದು ಗೊತ್ತಾಗಲು ಒಂದು ಮಳೆಗಾಲ ಸಾಕಾಯಿತು. ಮಾರನೇ ಬೇಸಿಗೆಯ ಹೊತ್ತಿಗೆ ಪೂರ್ತಿ ವಾಕ್ಯಗಳೇ ತಿಳಿಯುತ್ತಿದ್ದವು. ನಾನು ಮಾತ್ರ ಕಂಬದಂತೆ ನಿಂತಿರುತ್ತಿದ್ದೆ.

ಆಗ ನನಗೆ ನನ್ನ ಜಾಣತನದ ಮೇಲೆ ಭಾರಿ ಹೆಮ್ಮೆ. ಸಾರಿಗೆ ಉಪ್ಪು ಕಮ್ಮಿ ಎಂದು ಅತ್ತೆ ಸಂಕೇತಿಯಲ್ಲಿ ಅಂದರೆ ಮಾರನೇ ದಿನ ಒಂದು ಚಿಟಿಕೆ ಹೆಚ್ಚು ಬೀಳುತ್ತಿತ್ತು. ಡಿಕಾಕ್ಷನ್ ನೀರು ನೀರು ಎಂದರೆ ಮಾರನೇ ದಿನ ಕಪ್ಪಗೆ ಇಳಿಯುತ್ತಿತ್ತು. ತುಳಸಿಕಟ್ಟೆಯ ಮುಂದಿನ ರಂಗೋಲಿ ಕೋಳಿ ಕೆದಕಿದ ಹಾಗಿದೆ ಎಂದರೆ ಮಾರನೇ ದಿನ ಎಳೆ ನೆಟ್ಟಗಾಗುತ್ತಿತ್ತು. ಶತ್ರುಪಾಳೆಯದಲ್ಲಿ ಗೂಢಚಾರಿಣಿಯಾಗಿ ಸಂಸಾರ ನಡೆಸುತ್ತಿದ್ದೇನೆ ಎಂದು ನನ್ನಷ್ಟಕ್ಕೆ ಬೀಗುತ್ತಿದ್ದೆ.

ಈ ನಡುವೆ ನನ್ನ ನಾಲಿಗೆಯ ರಿಪೇರಿಯೂ ನಡೆಯಿತು. ಬಂದ ಹೊಸದರಲ್ಲಿ 'ಅಂಗಲ್ಲ', 'ಓಗ್ಬುಟ್ಟು ಬತ್ತೀನಿ' ಎಂದರೆ ಮನೆಯವರಿಗೆಲ್ಲ ಮೋಜು. ಗಂಡ ಪಕ್ಕಕ್ಕೆ ಕರೆದು ಮೆಲ್ಲಗೆ ತಿದ್ದುತ್ತಿದ್ದರು, ಅವರದು ಮೇಷ್ಟರ ಬುದ್ಧಿ. ವರ್ಷದೊಳಗೆ ನಾನು ಪಠ್ಯಪುಸ್ತಕದಂತೆ ಮಾತಾಡತೊಡಗಿದೆ. ನಮ್ಮೂರಿನ ಮಾತು ಉಳಿದದ್ದು ಫೋನಿನಲ್ಲಿ ಅವ್ವನ ಜೊತೆ ಮಾತ್ರ, ಅದೂ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ, ಕೆಳದನಿಯಲ್ಲಿ. "ಯಾಕವ್ವಾ ಇಂಗೆ ಪಿಸಪಿಸ ಅಂತೀಯ? ಜೋರಾಗ್ ಮಾತಾಡು. ಕದ್ದು ತಿಂತಾ ಇದ್ದೀಯೇನು?" ಎಂದು ಅವ್ವ ಅಲ್ಲಿಂದ ಕೂಗುತ್ತಿದ್ದಳು. ಆ ನಾಲಿಗೆಯನ್ನು ಉಳಿಸಲು ಯಾವ ಸಮಿತಿಯೂ ಬರಲಿಲ್ಲ. ಬಂದಿದ್ದರೆ ಕೋಡುಬಳೆಯನ್ನು ಇನ್ನೂ ಚೆನ್ನಾಗಿ ಮಾಡುತ್ತಿದ್ದೆ.

ಮಾವ ತೀರಿಕೊಂಡ ಮೇಲೆ ಅತ್ತೆಗೆ ಸಂಕೇತಿ ಆಡಲು ಉಳಿದದ್ದು ಒಬ್ಬರೇ, ಅರಕಲಗೂಡಿನಲ್ಲಿದ್ದ ಅವರ ಅಕ್ಕ. ಮಗನ ಜೊತೆ ಆಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮಗನ ಜೊತೆ ಚಿಕ್ಕಂದಿನಿಂದಲೂ ಕನ್ನಡವೇ. ಪರೀಕ್ಷೆಯಲ್ಲಿ ನಂಬರು ಬರಲಿ ಎಂದು ಹಾಗೆ ಮಾಡಿದರಂತೆ. ಸಂಕೇತಿಯನ್ನು ಅತ್ತೆ ಮಾವ ಮಗನಿಗೆ ತಿಳಿಯಬಾರದ ವಿಷಯಕ್ಕೆ ಇಟ್ಟುಕೊಂಡರು. ಹೀಗಾಗಿ ನನ್ನ ಗಂಡನಿಗೆ ತಾಯಿನುಡಿಯಲ್ಲಿ ಚೆನ್ನಾಗಿ ಬರುವ ವಾಕ್ಯಗಳು ಇವು: ಬೆಲೆ ಜಾಸ್ತಿಯಾಯಿತು, ಎದ್ದು ಹೋಗೋಣ. ಇವರು ಯಾವಾಗ ಹೊರಡುತ್ತಾರೆ? ಇನ್ನೊಂದು ಸಲ ಉಪಚಾರ ಮಾಡಬೇಡ. ಉಳಿದದ್ದೆಲ್ಲ ದೊಡ್ಡವರ ವಿಷಯ ಎಂದು ಚಿಕ್ಕಂದಿನಲ್ಲೇ ಕಿವಿ ಮುಚ್ಚಿಕೊಂಡವರು ಇನ್ನೂ ತೆರೆದಿಲ್ಲ.

ಹಾಗಾಗಿ ಅಕ್ಕ ತಂಗಿಯರ ಫೋನು. ದಿನಾ ಮಧ್ಯಾಹ್ನ ಊಟ ಮುಗಿದ ಕೂಡಲೇ ಅತ್ತೆ ನಡುಮನೆಯ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತು, ಫೋನನ್ನು ಸ್ಪೀಕರಿಗೆ ಹಾಕಿ ತೊಡೆಯ ಮೇಲಿಟ್ಟುಕೊಂಡು, ಬೀದಿಗೇ ಕೇಳುವಂತೆ ಮಾತಾಡುತ್ತಿದ್ದರು. ಅಕ್ಕನಿಗೆ ಕಿವಿ ಮಂದ. ನನಗೆ ರಜೆಯಿದ್ದ ದಿನ ನಾನು ಅಡುಗೆಮನೆಯಲ್ಲಿ ಪಾತ್ರೆ ಜೋಡಿಸುತ್ತಾ ನನ್ನ ದಿನವಾರ್ತೆಯನ್ನು ಕೇಳುತ್ತಿದ್ದೆ. ಇವರು ಒಂದು ಹೇಳಿದರೆ ಅವರು ಇನ್ನೊಂದು ಹೇಳುತ್ತಿದ್ದರು. "ಇವತ್ತು ಹುಳಿಗೆ ತೊಗರಿ ಬೇಳೆ ಬೇಯಿಸಿಯೇ ಇಲ್ಲ" ಎಂದು ಅತ್ತೆ ಕೂಗಿದರೆ, ಅಲ್ಲಿಂದ ಅಕ್ಕ, "ಹಪ್ಪಳ ಒಣಗಿಸೋಕೆ ಬಿಸಿಲೇ ಇಲ್ಲ" ಎನ್ನುತ್ತಿದ್ದರು. ಅಕ್ಕ ತಂಗಿಯರ ಮಾತು ಹೀಗೇ ಇರುತ್ತದೇನೋ ಎಂದುಕೊಂಡಿದ್ದೆ.

ಒಂದು ಮಧ್ಯಾಹ್ನ ನನಗೆ ಮರೆಯುವುದಿಲ್ಲ. ಬಾಗೂರಿನಲ್ಲಿ ನನ್ನ ಅಪ್ಪ ತೀರಿಕೊಂಡು ಕೆಲವು ದಿನವಾಗಿತ್ತು. ನಾನು ಕೆಲಸಕ್ಕೆ ಹೋಗುತ್ತಿದ್ದೆ, ಬರುತ್ತಿದ್ದೆ, ಊಟ ಸೇರುತ್ತಿರಲಿಲ್ಲ. ಅತ್ತೆ ಕನ್ನಡದಲ್ಲಿ ಒಂದು ಮಾತೂ ಆಡಿರಲಿಲ್ಲ, 'ಹೋದವರು ಹೋದರು, ಸುಧಾರಿಸಿಕೋ' ಎಂಬ ಬಾಯುಪಚಾರವೂ ಇಲ್ಲ. ಎಂಥ ಕಲ್ಲು ಮನಸ್ಸು ಎಂದು ನನಗೆ ಒಳಗೇ ಸಿಟ್ಟು ಬಂದಿತ್ತು. ಅವತ್ತು ನನಗೆ ರಜೆ. ಅತ್ತೆ ಫೋನಿನಲ್ಲಿ ಅಕ್ಕನಿಗೆ ಸಂಕೇತಿಯಲ್ಲಿ ಹೇಳಿದರು: "ಮಗು ಊಟ ಬಿಟ್ಟಿದೆ ಅಕ್ಕಾ. ಹತ್ತಿರ ಕೂತು ತಲೆ ಸವರೋಕೆ ನನಗೆ ಬರೋದಿಲ್ಲ. ಅವಳು ಒಂದು ತುತ್ತು ತಿನ್ನೋವರೆಗೆ ನನ್ನ ಗಂಟಲಲ್ಲೂ ಇಳಿಯೋದಿಲ್ಲ." ಅಲ್ಲಿಂದ ಅಕ್ಕ ಹೇಳಿದ್ದು ಹಾಲಿನವನ ವಿಷಯ. ನಾನು ಅಡುಗೆಮನೆಯಲ್ಲಿ ಸೆರಗು ಬಾಯಿಗೊತ್ತಿಕೊಂಡು ಅತ್ತುಬಿಟ್ಟೆ, ಆಮೇಲೆ ತಟ್ಟೆ ತೆಗೆದು ಮೊಸರನ್ನ ಕಲಸಿಕೊಂಡು ತಿಂದೆ.

ಕಳೆದ ವರ್ಷ ಅರಕಲಗೂಡಿನ ಅಕ್ಕ ಹೋಗಿಬಿಟ್ಟರು. ಕಾರ್ಯಗಳೆಲ್ಲ ಮುಗಿದು ಮನೆಗೆ ಬಂದ ಮೇಲೆ ಅತ್ತೆ ಮಾತನ್ನೇ ನಿಲ್ಲಿಸಿದರು. ಪೂರ್ತಿ ನಿಲ್ಲಿಸಲಿಲ್ಲ, ಕನ್ನಡದಲ್ಲಿ 'ಹೂಂ', 'ಸಾಕು', 'ಬೇಡ' ಎನ್ನುತ್ತಿದ್ದರು. ಮಧ್ಯಾಹ್ನ ಚಾಪೆಯ ಮೇಲೆ ಅದೇ ಜಾಗದಲ್ಲಿ ಕೂತು ಫೋನನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆ ನೋಡುತ್ತಿದ್ದರು. ಊಟ ಅರ್ಧಕ್ಕಿಳಿಯಿತು. ನನ್ನ ಸಾರಿನ ಬಗ್ಗೆ ಯಾರೂ ಏನೂ ಹೇಳದೆ, ಉಪ್ಪು ಹೆಚ್ಚಾಯಿತೋ ಕಮ್ಮಿಯಾಯಿತೋ ನನಗೇ ತಿಳಿಯದಂತಾಯಿತು. ಗಂಡ ಹಾಸನದ ದೊಡ್ಡ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರು ಇಂಗ್ಲಿಷಿನಲ್ಲಿ ವಯಸ್ಸಿನ ಮೇಲೆ ತಪ್ಪು ಹೊರಿಸಿ ಒಂದು ಟಾನಿಕ್ ಬರೆದುಕೊಟ್ಟರು. ಮೇವು ಬಿಟ್ಟ ಹಸುವಿಗೂ ನಾನು ಇದಕ್ಕಿಂತ ಹೆಚ್ಚು ಹೊತ್ತು ಕೊಡುತ್ತೇನೆ.

ಕಾಯಿಲೆ ಏನೆಂದು ನನಗೆ ಗೊತ್ತಿತ್ತು. ಮುದುಕಿಗೆ ಮಾತಾಡಲು ಒಬ್ಬರು ಬೇಕಿತ್ತು, ಅವರ ಭಾಷೆಯಲ್ಲಿ. ಔಷಧಿ ನನ್ನ ಬಾಯಲ್ಲೇ ಇತ್ತು. ಆದರೆ ಬಾಯಿ ಬಿಟ್ಟರೆ ಇಪ್ಪತ್ತು ವರ್ಷ ಅವರು ನನ್ನ ಬಗ್ಗೆ ಆಡಿದ್ದನ್ನೆಲ್ಲ ನಾನು ಕೇಳಿಸಿಕೊಂಡಿದ್ದೆ ಎಂದು ಹೇಳಿದಂತೆಯೇ. ಆ ವಯಸ್ಸಿನಲ್ಲಿ ಅವರಿಗೆ ಅಂಥ ನಾಚಿಕೆ ಮಾಡಿಸಿದರೆ ಇರುವ 'ಹೂಂ' ಕೂಡ ನಿಂತುಹೋದೀತು ಎಂದು ಹೆದರಿಕೆ. ನಾಳೆ ಹೇಳೋಣ, ನಾಳೆ ಹೇಳೋಣ ಎಂದು ಮುಂದೂಡುತ್ತಾ ಬಂದೆ.

ಇಂಥ ಹೊತ್ತಿನಲ್ಲಿ ಸಮಿತಿ ಬಂತು.

ಸಮಿತಿಯ ಅಧ್ಯಕ್ಷರು ನಿವೃತ್ತ ಇಂಜಿನಿಯರು. ಅವರ ಮಗಳೋ ಅಳಿಯನೋ ಫೋನಿಗೆ ಒಂದು ವಿಡಿಯೋ ಕಳಿಸಿದ್ದರಂತೆ. ಅಲಾಸ್ಕಾ ಎಂಬ ಹಿಮದ ಸೀಮೆಯಲ್ಲಿ ಟ್ಲಿಂಗಿಟ್ ಎಂಬ ಜನ ಇದ್ದಾರೆ, ಅವರ ಮಕ್ಕಳನ್ನು ಬಿಳಿಯರು ಶಾಲೆಗೆ ಹಾಕಿಸಿ, ಮನೆಮಾತು ಆಡಿದರೆ ಶಿಕ್ಷೆ ಕೊಟ್ಟು ಭಾಷೆ ಮರೆಸಿದರು, ಈಗ ಉಳಿದ ಕೆಲವೇ ಮುದುಕ ಮುದುಕಿಯರ ಪಕ್ಕ ಕೂತು ಮೊಮ್ಮಕ್ಕಳು ಮತ್ತೆ ಕಲಿಯುತ್ತಿದ್ದಾರೆ ಎಂದು ಅದರಲ್ಲಿತ್ತಂತೆ. ಅಧ್ಯಕ್ಷರು ನಡುಮನೆಯ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ವಿವರಿಸಿ, "ನಮ್ಮ ಕತೆಯೂ ಅದೇ. ವಸಾಹತುಶಾಹಿ ನಮ್ಮ ನಾಲಿಗೆ ಕಿತ್ತುಕೊಂಡಿತು" ಎಂದು ನಿಟ್ಟುಸಿರು ಬಿಟ್ಟರು.

ಆ ಜನರ ಕತೆ ಕೇಳಿ ನನಗೆ ನನ್ನ ಶಾಲೆ ನೆನಪಾಯಿತು. ಚನ್ನರಾಯಪಟ್ಟಣದಲ್ಲಿ ನಾನು ಓದಿದ ಇಂಗ್ಲಿಷ್ ಶಾಲೆಯಲ್ಲಿ ಕನ್ನಡ ಆಡಿದ ಮಗುವಿನ ಕೊರಳಿಗೆ ಒಂದು ಮರದ ಹಲಗೆ ನೇತುಹಾಕುತ್ತಿದ್ದರು, ಇನ್ನೊಬ್ಬರು ಕನ್ನಡ ಆಡುವವರೆಗೆ ಅದು ಕೊರಳಲ್ಲೇ ಇರಬೇಕು. ಬಿಳಿಯರು ಹೋಗಿ ಎಷ್ಟೋ ಕಾಲವಾಗಿತ್ತು, ಹಲಗೆ ಮಾತ್ರ ಇಲ್ಲೇ ಇತ್ತು. ಆದರೆ ಸಂಕೇತಿಯ ನಾಲಿಗೆ ಕಿತ್ತವರು ಯಾರು? ಅಧ್ಯಕ್ಷರ ಕೊರಳಿಗೆ ಯಾವ ಹಲಗೆ ಬಿದ್ದಿತ್ತು? ಬಿಳಿಯರ ಕಚೇರಿಯಲ್ಲಿ ಮೇಜಿನ ಈಚೆ ನಿಂತವರಿಗೆ ಬಿದ್ದ ಏಟನ್ನು ಆಚೆ ಕೂತವರು ತಮ್ಮ ಬೆನ್ನಿಗೆ ಹಚ್ಚಿಕೊಳ್ಳುವುದು ಹೇಗೆಂದು ನನಗೆ ತಿಳಿಯಲಿಲ್ಲ. ಮನೆಮಾತು ಆಡಿದರೆ ಇವರಿಗೆ ಯಾರೂ ಹೊಡೆಯಲಿಲ್ಲ. ಮಕ್ಕಳಿಗೆ ಕೊಡದೆ ತಾವೇ ಬೀಗ ಹಾಕಿ ಇಟ್ಟುಕೊಂಡರು, ಈಗ ಬೀಗದ ಕೈ ಕಳೆದಿದೆ ಎಂದು ಅಲಾಸ್ಕಾದ ಕಡೆ ನೋಡುತ್ತಿದ್ದಾರೆ. ಇದನ್ನೆಲ್ಲ ಮನಸ್ಸಿನಲ್ಲೇ ಹೇಳಿಕೊಂಡೆ. ಬಾಯಲ್ಲಿ, "ಸಕ್ಕರೆ ಎಷ್ಟು ಹಾಕಲಿ ಸರ್?" ಎಂದೆ.

ಸಮಿತಿಯ ಸಾಧನೆಯ ಪರಿಚಯ ನನಗೆ ಮೊದಲೇ ಇತ್ತು. ಮೈಸೂರಿನಲ್ಲಿ ಓದುವ ನನ್ನ ಮಗಳು ಅವರ ಆನ್‌ಲೈನ್ ತರಗತಿಗೆ ಸೇರಿದ್ದಳು. ಅಲ್ಲಿ ಪಾಠದ ಸೂಚನೆಯೆಲ್ಲ ಇಂಗ್ಲಿಷಿನಲ್ಲಿ, ಮಧ್ಯೆ ಅರ್ಥವಾಗದವರಿಗೆ ಕನ್ನಡದಲ್ಲಿ. ಎಲ್ಲರೂ ತಮಗೆ ಗೊತ್ತಿರುವ ಒಂದು ವಾಕ್ಯ ಹೇಳಿ ಎಂದಾಗ ಒಬ್ಬ ಹುಡುಗಿ 'ಹುಡುಗನಿಗೆ ತಲೆಯಲ್ಲಿ ಕೂದಲಿಲ್ಲ' ಎಂದಳಂತೆ, ಇನ್ನೊಬ್ಬ 'ಇವರ ಮನೆ ಕಾಫಿ ಕುಡಿಯೋ ಹಾಗಿಲ್ಲ' ಎಂದನಂತೆ, ಮತ್ತೊಬ್ಬಳು 'ಅವಳು ಹಾಕಿಕೊಂಡಿರೋದು ಗಿಲೀಟು' ಎಂದಳಂತೆ. ದೊಡ್ಡವರು ಪರರ ಎದುರು ಪಿಸುಗುಟ್ಟಿದ್ದನ್ನು ಬಿಟ್ಟು ಆ ಮಕ್ಕಳ ಕಿವಿಗೆ ಬೇರೇನೂ ಬಿದ್ದಿರಲಿಲ್ಲ. "ಅಮ್ಮಾ, ಈ ಭಾಷೆಯಲ್ಲಿ ಒಳ್ಳೇ ಮಾತು ಇಲ್ಲವೇ ಇಲ್ಲವಾ?" ಎಂದು ಮಗಳು ಫೋನಿನಲ್ಲಿ ಕೇಳಿದಳು. ಆ ಕೊರತೆ ನೀಗಿಸಲೆಂದೇ ಸಮಿತಿ ಈಗ ಲಾಲಿಹಾಡು ಸಂಗ್ರಹಕ್ಕೆ ಹೊರಟಿತ್ತು.

ಅಧ್ಯಕ್ಷರ ಹೆಂಡತಿ ಮೈಕನ್ನು ಅತ್ತೆಯ ಸೆರಗಿಗೆ ಸಿಕ್ಕಿಸಿದರು. ಅಧ್ಯಕ್ಷರು ಫೋನನ್ನು ಸ್ಟ್ಯಾಂಡಿಗೆ ಏರಿಸಿದರು. ಆಮೇಲೆ ನನ್ನ ಕಡೆ ತಿರುಗಿ ಬಹಳ ವಿನಯದಿಂದ, "ನೀವು ತಪ್ಪು ತಿಳ್ಕೋಬಾರದು. ರೆಕಾರ್ಡಿಂಗ್ ಹೊತ್ತಿಗೆ ನಮ್ಮವರು ಮಾತ್ರ ಇದ್ದರೆ ಚೆನ್ನ. ಹೊರಗಿನವರಿದ್ದರೆ ಅಮ್ಮನವರಿಗೆ ಸಂಕೋಚ" ಎಂದರು. ನಾನು ತಪ್ಪು ತಿಳಿಯದೆ ಅಡುಗೆಮನೆಗೆ ಹೋಗಿ ಬಾಗಿಲ ಹಿಂದೆ ನಿಂತೆ. ನನಗೆ ಅದು ಅಭ್ಯಾಸವಾದ ಜಾಗ.

"ಒಂದು ಲಾಲಿಹಾಡು ಹೇಳಿ" ಎಂದು ಅಧ್ಯಕ್ಷರು ಸಂಕೇತಿಯಲ್ಲಿ, ಬರೆದು ಬಾಯಿಪಾಠ ಮಾಡಿದವರ ಹಾಗೆ ಕೇಳಿದರು.

"ನಾವು ಮಗು ಮಲಗಿಸೋಕೆ ದೇವರನಾಮ ಹೇಳ್ತಿದ್ವಿ. ಅದು ಕನ್ನಡದ್ದು" ಎಂದು ಅತ್ತೆ ಕನ್ನಡದಲ್ಲಿ ಉತ್ತರಿಸಿದರು.

"ಮದುವೆ ಹಾಡು?"

"ಅದೂ ಕನ್ನಡದ್ದೇ. ಒಂದೆರಡು ತೆಲುಗು."

"ಕತೆ? ಅಜ್ಜಿ ಕತೆ?"

"ಕೆಲಸ ಯಾರು ಮಾಡಬೇಕಿತ್ತು, ಕತೆ ಹೇಳ್ತಾ ಕೂತಿದ್ದರೆ?"

"ಹೋಗಲಿ, ಏನಾದರೂ ಹೇಳಿ. ಸಂಕೇತಿಯಲ್ಲಿ ಏನು ಬೇಕಾದರೂ."

ಅತ್ತೆ ಸೆರಗಿನ ಮೈಕನ್ನು ಒಮ್ಮೆ ಮುಟ್ಟಿ ನೋಡಿದರು. ಆಮೇಲೆ ಕನ್ನಡದಲ್ಲೇ, "ಏನು ಹೇಳಲಿ? ಯಾರಿಗೆ ಹೇಳಲಿ?" ಎಂದರು.

ಬಾಗಿಲ ಹಿಂದೆ ನಿಂತಿದ್ದ ನನಗೆ ಕಣ್ಣು ತುಂಬಿ ಬಂತು. ಅಧ್ಯಕ್ಷರು ಫೋನಿನ ಬ್ಯಾಟರಿ ನೋಡಿಕೊಂಡರು. ಹೀಗೆ ಬಹಳ ಹೊತ್ತು ಕಸರತ್ತು ನಡೆದು, ಸಂಕೇತಿಯ ಒಂದು ಅಕ್ಷರವೂ ಹೊರಡದೆ, ಕೊನೆಗೆ ಕಾಫಿಗೆ ವಿರಾಮ ಕೊಡೋಣ ಎಂದು ತೀರ್ಮಾನವಾಯಿತು. ಫೋನು ಆಫ್ ಮಾಡಿ, ಮೈಕು ಬಿಚ್ಚಿ, ನನ್ನನ್ನು ಕರೆದರು.

ನಾನು ತಟ್ಟೆ ಹಿಡಿದು ಒಳಗೆ ಕಾಲಿಟ್ಟೆ. ಲೋಟ ಕೈಗೆ ಬಂತು, ಅತ್ತೆ ಒಂದು ಗುಟುಕು ಕುಡಿದರು, ನನ್ನ ಮುಖ ನೋಡಿದರು. ಆಮೇಲೆ ಪಕ್ಕದಲ್ಲಿದ್ದ ಅಧ್ಯಕ್ಷರ ಹೆಂಡತಿಯ ಕಡೆ ವಾಲಿ ಅಚ್ಚ ಸಂಕೇತಿಯಲ್ಲಿ, ಎಳ್ಳಷ್ಟೂ ತಡವರಿಸದೆ, "ಬರೀ ಚಿಕೋರಿ. ಬೆಳಗಿನ ಗಸಿಗೇ ಇನ್ನೊಂದು ಸಲ ನೀರು ಹುಯ್ದು ತಂದಿದ್ದಾಳೆ, ದನಕ್ಕೆ ಕಲಗಚ್ಚು ಕೊಟ್ಟ ಹಾಗೆ" ಎಂದರು. ಎಷ್ಟೋ ತಿಂಗಳ ಮೇಲೆ ಆ ಮನೆಯಲ್ಲಿ ಹುಟ್ಟಿದ ಮೊದಲ ಸಂಕೇತಿ ವಾಕ್ಯ ಅದು. ಉಚ್ಚಾರ, ಧಾಟಿ, ವ್ಯಂಗ್ಯ, ಉಪಮೆ, ಎಲ್ಲ ಇತ್ತು. ಅಧ್ಯಕ್ಷರ ಹೆಂಡತಿಗೆ ಅರ್ಧವೂ ಅರ್ಥವಾಗದೆ, "ಹೌದೌದು, ಚೆನ್ನಾಗಿದೆ" ಎಂದು ಕನ್ನಡದಲ್ಲಿ ಹೇಳಿ ಕೋಡುಬಳೆಗೆ ಕೈ ಚಾಚಿದರು. ಅಧ್ಯಕ್ಷರ ಗಮನ ಚಾರ್ಜರಿನ ಮೇಲಿತ್ತು. ನಾನು ತಟ್ಟೆ ಎತ್ತಿಕೊಂಡು ಆಚೆ ಹೋದೆ. ಅತ್ತೆ ಮತ್ತೆ ಮೌನ.

ಆ ಭಾಷೆ ಬದುಕಿದ್ದೇ ಪರರ ಎದುರು ಗುಟ್ಟು ಕಾಯಲು. ಅರ್ಥವಾಗದವರು ಒಬ್ಬರು ಮುಂದಿದ್ದರೆ ಅದು ತಾನಾಗಿ ಏಳುತ್ತದೆ. ನಮ್ಮವರೇ ಕೂತಿದ್ದರೆ ಅದರ ಅಗತ್ಯ ಯಾರಿಗಿದೆ? ಸಮಿತಿಯವರು ಭಾಷೆ ಉಳಿಸಲೆಂದು ಮೊದಲು ಮಾಡಿದ ಕೆಲಸ ನನ್ನನ್ನು ಕೋಣೆಯಿಂದ ಕಳಿಸಿದ್ದು. ಇದಕ್ಕಿಂತ ಶಾಸ್ತ್ರೋಕ್ತವಾಗಿ ಒಂದು ಭಾಷೆಯನ್ನು ಕೊಲ್ಲಲು ಬಿಳಿಯರಿಗೂ ಗೊತ್ತಿರಲಿಲ್ಲ.

ವಿಡಿಯೋ ವಾಟ್ಸಾಪ್ ಗುಂಪಿಗೆ ಬಂತು. ಅತ್ತೆ ಕನ್ನಡದಲ್ಲಿ 'ಏನು ಹೇಳಲಿ, ಯಾರಿಗೆ ಹೇಳಲಿ' ಎನ್ನುತ್ತಾರೆ, ಹಿಂದೆ ವೀಣೆ, ಕೆಳಗೆ ಇಂಗ್ಲಿಷಿನಲ್ಲಿ ನಮ್ಮ ಭಾಷೆಯ ಅಮೂಲ್ಯ ನಿಧಿ ಎಂಬರ್ಥದ ಸಾಲು. ಕೈಮುಗಿದ ಚಿತ್ರಗಳ ಸುರಿಮಳೆಯಾಯಿತು. ಅತಿಥಿ ಸತ್ಕಾರಕ್ಕಾಗಿ 'ಮನೆಯವರಿಗೆ' ಧನ್ಯವಾದವೂ ಇತ್ತು.

ಅದಾದ ವಾರದೊಳಗೆ ದಂಡಿಗನಹಳ್ಳಿಯಲ್ಲಿ ಒಂದು ಎಮ್ಮೆ ನನ್ನ ಬಲಗೈಗೆ ಸರಿಯಾಗಿ ಒದೆಯಿತು. ಮಣಿಕಟ್ಟಿಗೆ ಪಟ್ಟಿ ಕಟ್ಟಿಸಿಕೊಂಡು ಮನೆಯಲ್ಲಿ 'ಮಹಾರಾಣಿ'ಯಾಗಿ ಕೂರುವ ಯೋಗ ಬಂತು. ಭಾನುವಾರ, ಗಂಡನೇ ಅಡುಗೆ ಮಾಡಿದರು. ಗಣಿತದವರ ಸಾರು. ಅಳತೆಯೆಲ್ಲ ಪಕ್ಕಾ, ಬಾಯಿಗಿಡುವ ಹಾಗಿರಲಿಲ್ಲ. ಉಪ್ಪು ಕಣ್ಣಲ್ಲಿ ನೀರು ತರಿಸಿತು. ಅತ್ತೆ ಎರಡು ತುತ್ತಿಗೆ ಕೈ ತೊಳೆದು, ಚಾಪೆಯ ಮೇಲೆ ಹೋಗಿ ಕೂತು, ಫೋನನ್ನು ತೊಡೆಯ ಮೇಲಿಟ್ಟುಕೊಂಡರು. ಗಂಡ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಪಾತ್ರೆ ಉಜ್ಜತೊಡಗಿದರು.

ನಾನು ಅತ್ತೆಯ ಎದುರು ಕೂತೆ. ಬತ್ತಿದ ಮುಖ, ಗೋಡೆಯ ಮೇಲೆ ನೆಟ್ಟ ಕಣ್ಣು. ಇಂಥ ಕಣ್ಣನ್ನು ಕೊಟ್ಟಿಗೆಯಲ್ಲಿ ಎಷ್ಟೋ ಸಲ ನೋಡಿದ್ದೇನೆ, ಆಮೇಲೆ ತಡ ಮಾಡುವ ಹಾಗಿಲ್ಲ. ನಾಚಿಕೆಯಾದರೆ ಆಗಲಿ, ಬೈದರೆ ಬೈಯಲಿ ಎಂದುಕೊಂಡೆ. ಬೆನ್ನ ಹಿಂದೆ ಕಲಿತ ಭಾಷೆಯಲ್ಲಿ ಶುಭಾಶಯ ಹೇಳಲು ನನಗೂ ಬರುತ್ತಿರಲಿಲ್ಲ, ನನಗೆ ಬರುತ್ತಿದ್ದದ್ದು ಚಾಡಿ ಮಾತ್ರ. ಅದನ್ನೇ ಹೇಳಿದೆ, ಸಂಕೇತಿಯಲ್ಲಿ, ಜೀವನದಲ್ಲಿ ಮೊದಲ ಸಲ ಬಾಯಿ ಬಿಟ್ಟು:

"ಆ ಅಧ್ಯಕ್ಷರ ಹೆಂಡತಿ ಮೂರು ಸಲ ಕೋಡುಬಳೆ ಹಾಕಿಸಿಕೊಂಡರು."

ಅತ್ತೆ ಗೋಡೆಯಿಂದ ಕಣ್ಣು ತೆಗೆದು ನನ್ನನ್ನು ನೋಡಿದರು. ಬೆಚ್ಚಲಿಲ್ಲ.

"ನಾಲ್ಕು" ಎಂದರು, ಸಂಕೇತಿಯಲ್ಲೇ. "ಹೋಗುವಾಗ ಒಂದನ್ನು ಕರ್ಚೀಫಿನಲ್ಲಿ ಸುತ್ತಿಕೊಂಡಳು. ನೀನು ನೋಡಲಿಲ್ಲ."

ಬೆಚ್ಚಿದವಳು ನಾನೇ. "ನನಗೆ ಅರ್ಥವಾಗುತ್ತೆ ಅಂತ ನಿಮಗೆ ಗೊತ್ತಿತ್ತಾ?" ಎಂದು ಕೇಳುವಾಗ ಗಾಬರಿಯಲ್ಲಿ ನನ್ನ ಸಂಕೇತಿ ಅರ್ಧ ಕನ್ನಡವಾಗಿತ್ತು.

"ಸಾರಿಗೆ ಉಪ್ಪು ಕಮ್ಮಿ ಅಂತ ನಾನು ಹೇಳಿದ ಮಾರನೇ ದಿನ ಉಪ್ಪು ಸರಿಯಾಗುತ್ತಿತ್ತು. ಉಪ್ಪಿಗೆ ಕಿವಿ ಇರುತ್ತೇನೇ?"

ಇಪ್ಪತ್ತು ವರ್ಷದ ಗೂಢಚಾರಿಕೆ ಒಂದೇ ಏಟಿಗೆ ನೆಲಕ್ಕೆ ಬಿತ್ತು.

"ನೀನು ಒಗೆಯೋ ಕಲ್ಲಿನ ಹತ್ತಿರ ನಿಂತು ನಿಮ್ಮಮ್ಮನ ಹತ್ತಿರ ನನ್ನನ್ನ ಆಡಿಕೊಳ್ಳುತ್ತಿದ್ದದ್ದು ನನಗೂ ಕೇಳಿಸುತ್ತಿತ್ತು. ನಾನೇನಾದರೂ ಅಂದೆನಾ?"

"ಮತ್ತೆ ಗೊತ್ತಿದ್ದೂ ಅಕ್ಕನಿಗೆ ಅದನ್ನೆಲ್ಲ ಯಾಕೆ ಹೇಳುತ್ತಿದ್ದಿರಿ?"

ಅತ್ತೆ ತೊಡೆಯ ಮೇಲಿದ್ದ ಫೋನನ್ನು ಎತ್ತಿ ಪಕ್ಕಕ್ಕಿಟ್ಟರು.

"ಅಕ್ಕನಿಗೆ ಕಿವಿ ಕೇಳುವುದು ನಿಂತು ಎಷ್ಟು ಕಾಲವಾಗಿತ್ತು ಗೊತ್ತಾ? ಅವಳ ಪಾಡಿಗೆ ಅವಳು ಹಪ್ಪಳ ಅಂತಿದ್ದಳು. ನಾನು ಯಾರಿಗೆ ಹೇಳುತ್ತಿದ್ದೆ ಅಂದುಕೊಂಡಿದ್ದೆ ನೀನು?"

ಅಪ್ಪ ಹೋದಾಗಿನ ಆ ಮಧ್ಯಾಹ್ನ, ನಾನು ನಿಂತು ತಿಂದ ಮೊಸರನ್ನ, ಎಲ್ಲ ಒಟ್ಟಿಗೆ ನೆನಪಿಗೆ ಬಂತು. ಪಟ್ಟಿ ಕಟ್ಟಿದ ಕೈಯಲ್ಲೇ ಕಣ್ಣೊರೆಸಿಕೊಂಡೆ. "ಅಕ್ಕ ಹೋದ ಮೇಲೆ ನೆಪವೇ ಇಲ್ಲದೆ ಹೋಯಿತು. ನೇರವಾಗಿ ನಿನ್ನ ಮುಖಕ್ಕೆ ಹೇಳೋಕೆ ನನಗೆ ಬರೋದಿಲ್ಲ" ಎಂದು ಅತ್ತೆ ನೆಲ ನೋಡುತ್ತಾ ಹೇಳಿದರು. ಆಮೇಲೆ, ನಾನು ಎಲ್ಲಿ ಜೋರಾಗಿ ಅತ್ತುಬಿಡುತ್ತೇನೋ ಎಂದು ಹೆದರಿದವರಂತೆ, ಅಡುಗೆಮನೆಯ ಕಡೆ ಗದ್ದ ತಿರುಗಿಸಿ, ದನಿಯನ್ನು ಎಳ್ಳಷ್ಟೂ ತಗ್ಗಿಸದೆ, "ಇವತ್ತಿನ ಸಾರಿಗೆ ಉಪ್ಪನ್ನ ಸೇರಿನಲ್ಲಿ ಅಳೆದು ಸುರಿದಿದ್ದಾನೆ. ನಿನ್ನದೇ ವಾಸಿ" ಎಂದರು.

ನಲ್ಲಿ ನಿಂತಿತು. ಗಂಡ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದು ತಾಯಿಯನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿದರು.

"ಏನಂತೆ? ಸಾರಿನ ವಿಷಯ ಏನೋ ಕೇಳಿಸ್ತು."

ಅತ್ತೆ ಗೋಡೆ ನೋಡಿದರು. ನಾನು ಅಚ್ಚ ಕನ್ನಡದಲ್ಲಿ, "ತುಂಬಾ ಚೆನ್ನಾಗಿದೆಯಂತೆ" ಎಂದೆ.

ಮಾರನೇ ದಿನವೂ ಗಂಡನೇ ಸಾರು ಮಾಡಿದರು. ಉಪ್ಪು ಹಾಗೇ ಇತ್ತು.